ನೆಟ್‌ವರ್ಕ್ಸ್ ಪೇಪರ್ ಅಂದ್ರೆ ವೈಫೈ ರಿಪೇರಿ ಅಲ್ಲ

ಈ ವಾರ ಎರಡು ಪತ್ರ. ಒಂದು ನಂಜನಗೂಡಿನಿಂದ, ಇನ್ನೊಂದು ತಿ. ನರಸೀಪುರದಿಂದ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿರಲಾರರು, ಆದರೆ ಕೇಳಿರೋದು ಹೆಚ್ಚುಕಡಿಮೆ ಒಂದೇ ವಿಷಯ.

ನಂಜನಗೂಡಿನ ಹುಡುಗ ಡಿಪ್ಲೊಮಾ ಮುಗಿಸಿ, ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಐಟಿ ಸಪೋರ್ಟ್‌ನಲ್ಲಿದ್ದಾನೆ. “ಅಕ್ಕಾ, ಕೇಬಲ್ ಕ್ರಿಂಪ್ ಮಾಡ್ತೀನಿ, ಸ್ವಿಚ್ ಬದಲಾಯಿಸ್ತೀನಿ, ರೂಟರ್ ಸೆಟ್ ಮಾಡ್ತೀನಿ. ಡಿಸಿಇಟಿ ಬರೆದಿದ್ದೀನಿ. ಬಿಇ ಎರಡನೇ ವರ್ಷಕ್ಕೆ ಸೀಟು ಸಿಗಬಹುದು. ಆದ್ರೆ ಮೂರು ವರ್ಷದ ಸಂಬಳ ಬಿಡಬೇಕು, ಮನೇಲಿ ಅಪ್ಪಂಗೆ ಹುಷಾರಿಲ್ಲ. ನನಗೆ ಬೇಕಿರೋದು ನೆಟ್‌ವರ್ಕಿಂಗ್ ಒಂದೇ. ಈಗ ಗೊತ್ತಿರೋದಕ್ಕಿಂತ ಹೆಚ್ಚು ಕಾಲೇಜಲ್ಲಿ ಏನ್ ಹೇಳ್ಕೊಡ್ತಾರೆ?”

ತಿ. ನರಸೀಪುರದ ಹುಡುಗಿ ದಿನಾ ಬಸ್ಸಲ್ಲಿ ಮೈಸೂರಿನ ಕಾಲೇಜಿಗೆ ಓಡಾಡ್ತಾಳೆ. ಈಗ 5ನೇ ಸೆಮಿಸ್ಟರ್, ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್ ಶುರುವಾಗಿದೆ. “ಸೀನಿಯರ್ಸ್ ಎಲ್ಲಾ ಬರೀ ಬಾಯಿಪಾಠ ಅಂತಾರೆ. ಹೌದಾ ಅಕ್ಕಾ?”

ಮೊದಲು ಈ ಪೇಪರ್‌ನಲ್ಲಿ ಏನಿರಲ್ಲ ಅಂತ ಹೇಳಿಬಿಡ್ತೀನಿ. ವೈಫೈ ಯಾಕೆ ಸ್ಲೋ ಅಂತ ಕೇಳಿದ ಪಕ್ಕದ ಮನೆ ಅಂಕಲ್‌ಗೆ ಉತ್ತರ ಇರಲ್ಲ. ಹ್ಯಾಕಿಂಗ್ ಇರಲ್ಲ. ಯಾವುದೇ ಕಂಪನಿಯ ಸ್ವಿಚ್‌ಗೆ ಕಮಾಂಡ್ ಹೊಡೆಯೋದೂ ಹೆಚ್ಚಾಗಿ ಇರಲ್ಲ. ಅದು ಬೇಕಿದ್ದರೆ ಸಿಸಿಎನ್‌ಎ ಥರದ ಪರೀಕ್ಷೆಗಳಿವೆ, ಫೀಸು ಡಾಲರ್ ಲೆಕ್ಕದಲ್ಲಿ. ಹಾಗಾಗಿ ಕೆಲಸದಲ್ಲಿ ಪಳಗಿದವರಿಗೆ ಮೊದಲ ಎರಡು ವಾರ ಬೇಜಾರಾಗುತ್ತೆ. ನಾಲ್ಕು ವರ್ಷ ಕೇಬಲ್ ಎಳೆದವರ ಮುಂದೆ, ಎಂದೂ ಕ್ರಿಂಪಿಂಗ್ ಟೂಲ್ ಹಿಡಿಯದ ಹುಡುಗರು ಏಳು ಲೇಯರ್‌ಗಳ ಹೆಸರು ಪಟಪಟ ಹೇಳ್ತಾರೆ.

ಮತ್ತೆ ಇರೋದೇನು? ವಿಟಿಯುನಲ್ಲಿ ಐದು ಮಾಡ್ಯೂಲ್. ಪರೀಕ್ಷೆಯಲ್ಲಿ ಒಂದೊಂದು ಮಾಡ್ಯೂಲ್‌ನಿಂದ ಎರಡು ಪ್ರಶ್ನೆ ಕೊಟ್ಟಿರ್ತಾರೆ, ಒಂದನ್ನು ಬರೀಬೇಕು, ಪ್ರಶ್ನೆಗೆ 20 ಅಂಕ. ಸ್ವಾಯತ್ತ ಕಾಲೇಜುಗಳ ಪ್ರಶ್ನೆಪತ್ರಿಕೆ ಬೇರೆ, ಸರಕು ಅದೇ. ತಂತಿ ಮತ್ತು ಸಿಗ್ನಲ್ ಒಂದು ಕಡೆ, ಎರರ್ ಹಿಡಿಯೋದು ಒಂದು ಕಡೆ, ಆಮೇಲೆ ಐಪಿ ಮತ್ತು ರೂಟಿಂಗ್, ಆಮೇಲೆ ಟಿಸಿಪಿ, ಕೊನೆಗೆ ವೆಬ್, ಮೇಲ್, ಡಿಎನ್‌ಎಸ್. ಮೊದಲ ಭಾಗ ನಿಜಕ್ಕೂ ಬಾಯಿಪಾಠವೇ. ಸೀನಿಯರ್ಸ್ ಸುಳ್ಳು ಹೇಳಿಲ್ಲ. ಆದರೆ ಅವರು ಅಲ್ಲಿಗೇ ನಿಂತುಬಿಟ್ಟಿದ್ದಾರೆ.

ರೂಟಿಂಗ್‌ಗೆ ಬರೋಣ. ನೀವಿಬ್ಬರೂ ನಿಮ್ಮ ನಿಮ್ಮ ಊರಲ್ಲೇ ಅದನ್ನ ದಿನಾ ಮಾಡ್ತಿದ್ದೀರಿ. ನಂಜನಗೂಡಿಂದ ತಿ. ನರಸೀಪುರಕ್ಕೆ ಹೋಗಬೇಕು ಅನ್ನಿ. ರಾಷ್ಟ್ರೀಯ ಹೆದ್ದಾರಿ 766 ಎರಡೂ ಊರನ್ನ ಮುಟ್ಟುತ್ತೆ, ಆದರೆ ಮಧ್ಯದಲ್ಲಿ ಮೈಸೂರಿದೆ. ಇನ್ನೊಂದು ದಾರಿ ಸುತ್ತೂರು ಕಡೆಯ ಒಳರಸ್ತೆ, ಕಪಿಲೆ ಹರಿಯೋ ದಿಕ್ಕಿನಲ್ಲೇ. ಯಾವುದು ಹತ್ತಿರ? “ಹತ್ತಿರ” ಅಂದ್ರೆ ಏನು ಅನ್ನೋದರ ಮೇಲೆ ಹೋಗುತ್ತೆ. ಎಷ್ಟು ಕಡೆ ಬಸ್ ಬದಲಾಯಿಸಬೇಕು ಅಂತ ಮಾತ್ರ ಎಣಿಸೋದು ಆರ್‌ಐಪಿ. ಅದು ರಸ್ತೆ ಅಗಲ ನೋಡೋದೇ ಇಲ್ಲ, 16 ಸಲ ಬದಲಾಯಿಸಬೇಕು ಅಂದ್ರೆ ಆ ಊರು ತಲುಪಕ್ಕೇ ಆಗಲ್ಲ ಅಂತ ಲೆಕ್ಕ ಹಾಕುತ್ತೆ. ರಸ್ತೆ ಅಗಲಕ್ಕೂ ಬೆಲೆ ಕಟ್ಟಿ, ಇಡೀ ನಕ್ಷೆ ಕೈಯಲ್ಲಿಟ್ಟುಕೊಂಡು ದಾರಿ ಹುಡುಕೋದು ಓಎಸ್‌ಪಿಎಫ್. ಮೊದಲನೆಯದಕ್ಕೆ ಬೆಲ್‌ಮನ್-ಫೋರ್ಡ್ ಲೆಕ್ಕ, ಎರಡನೆಯದಕ್ಕೆ ಡೈಕ್‌ಸ್ಟ್ರಾ ಲೆಕ್ಕ. ಪರೀಕ್ಷೆಯಲ್ಲಿ ಟೇಬಲ್ ಬರೆಸ್ತಾರೆ. ಊರುಗಳ ಹೆಸರು ಹಾಕಿಕೊಂಡು ಒಂದು ಸಲ ಬಿಡಿಸಿ, ಮರೆಯಲ್ಲ.

ಈಗ ನನ್ನ ಪ್ರಕಾರ ಇಡೀ ಕೋರ್ಸಿನ ಜೀವ ಇರೋ ಜಾಗ. ಕೆಳಗಿರೋ ಐಪಿ ನಿಮಗೆ ಯಾವ ಮಾತೂ ಕೊಡಲ್ಲ. ಪ್ಯಾಕೆಟ್ ತಲುಪುತ್ತೆ ಅಂತಲೂ ಹೇಳಲ್ಲ, ಕಳುಹಿಸಿದ ಸಾಲಲ್ಲೇ ಬರುತ್ತೆ ಅಂತಲೂ ಹೇಳಲ್ಲ. ಅಂಥ ಭರವಸೆ ಇಲ್ಲದ ದಾರಿಯ ಮೇಲೆ ನಿಮ್ಮ ಯುಪಿಐ ದುಡ್ಡು ಪೈಸೆ ತಪ್ಪದೆ ಹೋಗುತ್ತೆ. ಪ್ರತಿ ಬೈಟಿಗೂ ನಂಬರ್ ಹಾಕಿ, ಬಂತಾ ಅಂತ ಉತ್ತರ ತರಿಸಿಕೊಂಡು, ಬರದಿದ್ದರೆ ಮತ್ತೆ ಕಳಿಸೋ ಟಿಸಿಪಿ ಇದೆಯಲ್ಲ, ಅದರಿಂದ.

ಆದರೆ ಮತ್ತೆ ಮತ್ತೆ ಕಳಿಸೋದೇ ಅಪಾಯ ಕೂಡ. ನಂಜನಗೂಡಿನ ದೊಡ್ಡ ಜಾತ್ರೆ ದಿನ ನೆನೆಸಿಕೊಳ್ಳಿ. ಮೈಸೂರಿಂದ ಬಿಟ್ಟ ಬಸ್ಸು ಬಂದು ಸೇರಲಿಲ್ಲ ಅಂತ ಡಿಪೋದವರು ಅದೇ ಬಸ್ಸಿಗೆ ಬದಲಿ ಇನ್ನೊಂದು ಬಿಟ್ಟರು, ಅದೂ ಸೇರಲಿಲ್ಲ ಅಂತ ಮತ್ತೊಂದು. ಸಂಜೆ ಹೊತ್ತಿಗೆ ರಸ್ತೆ ತುಂಬಾ ಬದಲಿ ಬಸ್ಸು, ಇಳಿದವರು ಮಾತ್ರ ಯಾರೂ ಇಲ್ಲ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಇದೇ ಆಯ್ತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ಬರೀ 400 ಗಜ ದೂರ. ಅವುಗಳ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಓಡ್ತಿದ್ದಿದ್ದು 40 ಬಿಟ್‌ಗೆ ಇಳೀತು. ತಂತಿ ತುಂಡಾಗಿರಲಿಲ್ಲ. ಎಲ್ಲರೂ ಕಳೆದುಹೋದದ್ದನ್ನ ಮತ್ತೆ ಕಳಿಸ್ತಾ ದಾರಿಯನ್ನೇ ಕಟ್ಟಿಬಿಟ್ಟಿದ್ದರು. ವ್ಯಾನ್ ಜೇಕಬ್‌ಸನ್ ಅನ್ನೋರು ಇದನ್ನ ಬಿಡಿಸಿ 1988ರಲ್ಲಿ ಪ್ರಬಂಧ ಬರೆದರು. ಮೊದಲು ಒಂದು ಕಳಿಸು, ಉತ್ತರ ಬಂದರೆ ಎರಡು, ಆಮೇಲೆ ನಾಲ್ಕು, ಎಂಟು. ಒಂದು ಕಳೆದುಹೋಯ್ತಾ, ದಾರಿ ತುಂಬಿದೆ ಅಂತ ತಿಳಿದು ಹಿಂದೆ ಸರಿ. ಕೋಟ್ಯಂತರ ಕಂಪ್ಯೂಟರ್‌ಗಳು, ಯಾರೂ ಮೇಲೆ ಕೂತು ಹೇಳದೇನೆ, ತಾವೇ ನಿಧಾನ ಮಾಡಿಕೊಳ್ತವೆ. ನಮ್ಮ ಟ್ರಾಫಿಕ್ ಸಿಗ್ನಲ್‌ಗಳಲ್ಲಿ ಇಷ್ಟು ಮರ್ಯಾದೆ ಕಂಡಿಲ್ಲ.

ಪುಸ್ತಕದಲ್ಲಿ ಇದಕ್ಕೊಂದು ಗರಗಸದ ಹಲ್ಲಿನಂಥ ಗ್ರಾಫ್ ಇರುತ್ತೆ. ಬಾಯಿಪಾಠ ಮಾಡಿದವರು ಗ್ರಾಫ್ ಬರೆದು ಅಂಕ ತಗೊಳ್ತಾರೆ. ಈ ಕಥೆ ಗೊತ್ತಿದ್ದವರು ಸಂದರ್ಶನದಲ್ಲೂ ನಿಲ್ತಾರೆ.

ನಂಜನಗೂಡಿನ ತಮ್ಮನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಾರ್ಖಾನೆಯಲ್ಲಿ ಯಾರೋ “ನೆಟ್ ಇಲ್ಲ” ಅಂತಾರೆ. ನೀವು ಪಿಂಗ್ ಹೊಡೀತೀರಿ, 8.8.8.8 ಉತ್ತರ ಕೊಡುತ್ತೆ, ಆದರೆ ಹೆಸರು ಹೊಡೆದರೆ ಸೈಟ್ ಬರಲ್ಲ. ಡಿಎನ್‌ಎಸ್ ಅಂತ ನಿಮಗೆ ಅನುಭವದಿಂದ ಗೊತ್ತು. ಇನ್ನೊಂದು ದಿನ ವಿಪಿಎನ್‌ನಲ್ಲಿ ಪಿಂಗ್ ಆಗುತ್ತೆ, ಲಾಗಿನ್ ಆಗುತ್ತೆ, ಆದರೆ ದೊಡ್ಡ ರಿಪೋರ್ಟ್ ತೆಗೆದರೆ ಸುತ್ತುತ್ತಾ ನಿಲ್ಲುತ್ತೆ. ಇಲ್ಲಿ ರೀಸ್ಟಾರ್ಟ್ ಕೈಹಿಡಿಯಲ್ಲ. ಈಥರ್ನೆಟ್ ಒಂದು ಸಲಕ್ಕೆ 1500 ಬೈಟ್ ಹೊರುತ್ತೆ. ವಿಪಿಎನ್ ತನ್ನ ಹೊದಿಕೆ ಬೇರೆ ಸುತ್ತುವುದರಿಂದ ತುಂಬಿದ ಪ್ಯಾಕೆಟ್ ಆ ಅಳತೆ ಮೀರಿ ದಾರಿಯಲ್ಲಿ ಬಿದ್ದುಹೋಗ್ತಿರಬಹುದು, ಚಿಕ್ಕವು ದಾಟ್ತಿರಬಹುದು. ಯಾವ ಲೇಯರ್‌ನಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಿಕೊಳ್ಳೋ ಅಭ್ಯಾಸ ಕೋರ್ಸ್ ಕೊಡುತ್ತೆ.

ಇನ್ನೊಂದು ಸಣ್ಣ ಲೆಕ್ಕ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಅಮೆರಿಕದ ಕ್ಲೈಂಟ್ 14,000 ಕಿ.ಮೀ. ದೂರ ಅನ್ನಿ, ಹೋಗಕ್ಕೆ 70 ಮಿಲಿಸೆಕೆಂಡ್, ಬರಕ್ಕೆ 70. ಕೇಬಲ್ ನೇರವಾಗಿ ಹೋಗದ ಕಾರಣ ಇನ್ನೂ ಜಾಸ್ತಿಯೇ. ನೀವು 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ರದ್ದು ಹಾಕಿಸಿದರೂ ಇದು ಕಮ್ಮಿ ಆಗಲ್ಲ. ಇದನ್ನ ಮ್ಯಾನೇಜರ್‌ಗೆ ಕಾಗದದ ಮೇಲೆ ತೋರಿಸಿದರೆ ಎಷ್ಟೋ ದುಡ್ಡು ಉಳಿಯುತ್ತೆ.

ಹಾಗಂತ ಕೆಲಸ ಬಿಡಬೇಕಾ? ನೆಟ್‌ವರ್ಕಿಂಗ್ ಒಂದಕ್ಕೇ ಆದರೆ ಬೇಡ ಅಂತೀನಿ. ಬಿಇಯಲ್ಲಿ ಇದು ಮುಖ್ಯವಾಗಿ ಒಂದು ಸೆಮಿಸ್ಟರ್‌ನ ಒಂದು ಪೇಪರ್, ಮೇಲೊಂದು ಐಚ್ಛಿಕ ಸಿಗಬಹುದು. ಉಳಿದದ್ದೆಲ್ಲ ಗಣಿತ, ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್. ಒಂದು ಪೇಪರ್‌ಗಾಗಿ ಮೂರು ವರ್ಷದ ಸಂಬಳ, ಅದೂ ಅಪ್ಪನ ಔಷಧಿ ಖರ್ಚಿರೋವಾಗ, ದುಬಾರಿ. ಬಡ್ತಿಗೆ ಅರ್ಜಿ ಹಾಕಿದಾಗಲೆಲ್ಲ “ಬಿಇ ಇದೆಯಾ” ಅಂತ ಬಾಗಿಲು ಹಾಕ್ತಿದ್ದಾರೆ ಅಂದ್ರೆ ಅದು ಬೇರೆ ಲೆಕ್ಕ. ಆಗ ಡಿಗ್ರಿಗೋಸ್ಕರ ಹೋಗ್ತಿದ್ದೀನಿ ಅಂತ ಮನೆಯಲ್ಲೂ ಹಾಗೇ ಹೇಳಿ ಹೋಗಿ. ಕೆಲಸದಲ್ಲಿದ್ದುಕೊಂಡೇ ಓದೋ ಡಿಗ್ರಿ ಯಾವ್ಯಾವುದಿದೆ ಅಂತ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲೂ ಒಂದು ಸಲ ವಿಚಾರಿಸಿ.

ಅಷ್ಟರಲ್ಲಿ ಕೋರ್ಸನ್ನ ರುಚಿ ನೋಡಬಹುದು. ಐಐಟಿ ಖರಗ್‌ಪುರದ ಪಾಠಗಳು ಎನ್‌ಪಿಟೆಲ್‌ನಲ್ಲಿ ಉಚಿತ. ಕುರೋಸ್ ಮತ್ತು ರಾಸ್ ಅವರ ಪುಸ್ತಕ ಕೊಳ್ಳೋದು ದುಬಾರಿ ಅನ್ನಿಸಿದರೆ, ಕುರೋಸ್ ಅವರದೇ ವಿಡಿಯೊ ಮತ್ತು ವೈರ್‌ಶಾರ್ಕ್ ಅಭ್ಯಾಸಗಳು ಪುಕ್ಕಟೆ ಸಿಗ್ತವೆ. ಫೊರೌಜಾನ್ ಅವರ ಪುಸ್ತಕದಲ್ಲಿ ಚಿತ್ರ ಜಾಸ್ತಿ, ಪರೀಕ್ಷೆಗೆ ಸಲೀಸು, ಆದರೆ “ಯಾಕೆ” ಅನ್ನೋದು ಕುರೋಸ್‌ನಲ್ಲಿ ಚೆನ್ನಾಗಿದೆ.

ತಿ. ನರಸೀಪುರದ ತಂಗಿಗೆ ಎರಡು ಮಾತು. ಸಬ್‌ನೆಟ್ ಲೆಕ್ಕ ಬಸ್ಸಲ್ಲೇ ಅಭ್ಯಾಸ ಮಾಡು. /26 ಅಂದ್ರೆ ಆರು ಬಿಟ್ ಉಳೀತು, 64 ವಿಳಾಸ, ಮೊದಲನೆಯದು ಮತ್ತು ಕೊನೆಯದು ಬಿಟ್ಟರೆ 62. ದಿನಕ್ಕೆ ನಾಲ್ಕು ಲೆಕ್ಕ ಮಾಡಿದರೆ ಒಂದೇ ವಾರಕ್ಕೆ ಕೈ ಕೂರುತ್ತೆ. ಲ್ಯಾಬ್‌ನಲ್ಲಿ ಎನ್‌ಎಸ್-2 ಹಾಕಿಸಿ, ಮೂರು ನೋಡ್ ಇಟ್ಟು, ಕ್ಯೂ ಅಳತೆ ಮತ್ತು ಬ್ಯಾಂಡ್‌ವಿಡ್ತ್ ಬದಲಾಯಿಸಿ ಎಷ್ಟು ಪ್ಯಾಕೆಟ್ ಬಿದ್ದವು ಅಂತ ಎಣಿಸೋಕೆ ಹೇಳ್ತಾರೆ. ಸೀನಿಯರ್ ರೆಕಾರ್ಡ್ ನೋಡಿ ಸಂಖ್ಯೆ ಬರೆದುಬಿಡೋರೇ ಜಾಸ್ತಿ. ಬರೀಬೇಡ. ಬ್ಯಾಂಡ್‌ವಿಡ್ತ್ ಅರ್ಧ ಮಾಡಿ ನೋಡು, ಜಾತ್ರೆ ಕಣ್ಣಿಗೆ ಕಾಣುತ್ತೆ. ವೈವಾದಲ್ಲಿ “ಹ್ಯಾಂಡ್‌ಶೇಕ್ ಮೂರೇ ಯಾಕೆ, ಎರಡು ಸಾಲದಾ?” ಅಂತ ಕೇಳಬಹುದು. ಎರಡೂ ಕಡೆಯವರು ತಮ್ಮ ನಂಬರ್ ಹೇಳಬೇಕು, ಅದು ತಲುಪಿತು ಅಂತ ಎರಡೂ ಕಡೆಗೆ ಗೊತ್ತಾಗಬೇಕು. ಎರಡರಲ್ಲೇ ನಿಲ್ಲಿಸಿದರೆ ಉತ್ತರ ಕೊಟ್ಟವನಿಗೆ ತನ್ನ ನಂಬರ್ ಸೇರಿತಾ ಅನ್ನೋದೇ ತಿಳಿಯಲ್ಲ.

ತಮ್ಮಾ, ಡಿಸಿಇಟಿ ಕೌನ್ಸೆಲಿಂಗ್‌ನಲ್ಲಿ ಸೀಟು ಒಪ್ಪಿಕೊಳ್ಳೋ ಮುಂಚೆ ಹದಿನೈದು ದಿನ ವೈರ್‌ಶಾರ್ಕ್ ಹಾಕಿಕೊಂಡು ಕೂತು ನೋಡಿ. ಮನೆಯ ಲ್ಯಾಪ್‌ಟಾಪ್‌ನಲ್ಲಿ, ಮನೆಯ ವೈಫೈನಲ್ಲಿ. ಕಾರ್ಖಾನೆ ನೆಟ್‌ವರ್ಕ್‌ನಲ್ಲಿ ಅನುಮತಿ ಇಲ್ಲದೆ ಹಾಕಬೇಡಿ, ಬಿಡಬೇಕಾ ಬೇಡವಾ ಅಂತ ಯೋಚನೆ ಮಾಡ್ತಿರೋ ಕೆಲಸವನ್ನ ಅವರೇ ಬಿಡಿಸಿಬಿಟ್ಟಾರು.