ಔಷಧವಾಗಿ ಗಾಂಜಾ: ಅಂಕುಶವಿರಲಿ, ಅಗಳಿ ಬೇಡ

ಗಾಂಜಾ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಂತಹ ಹಳೆಯ ಮೇಷ್ಟರುಗಳ ಹುಬ್ಬು ಗಂಟಿಕ್ಕುವುದು ಸಹಜ. ಆದರೂ ಆ ಗಿಡದ ಔಷಧೀಯ ಬಳಕೆಗೆ ಸರ್ಕಾರ ಬಾಗಿಲು ಮುಚ್ಚಿ ಕೂರುವುದು ತರವಲ್ಲವೆಂಬುದು ನನ್ನ ಅಭಿಪ್ರಾಯ. ಶಿಷ್ಯರೂ ಬಂಧುಗಳೂ ಸಾವಧಾನದಿಂದ ಓದಬೇಕೆಂದು ಕೋರುತ್ತೇನೆ.

ಮೊದಲು ಕಾನೂನಿನ ಮಾತು. 1985ರ ಮಾದಕ ವಸ್ತುಗಳ ಕಾಯಿದೆಯು ಗಿಡದ ಹೂದುದಿಯಾದ ಗಾಂಜಾವನ್ನೂ ಅದರ ರಾಳವಾದ ಚರಸ್ಸನ್ನೂ ನಿರ್ಬಂಧಿಸುತ್ತದೆ. ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜಗಳು ಆ ವ್ಯಾಖ್ಯೆಗೆ ಸೇರುವುದಿಲ್ಲ. ಆಯುರ್ವೇದವು ‘ವಿಜಯಾ’ ಎಂದು ಕರೆದದ್ದು ಈ ಗಿಡವನ್ನೇ. ವೈದ್ಯಕೀಯ ಹಾಗೂ ವೈಜ್ಞಾನಿಕ ಉದ್ದೇಶಗಳಿಗೆ ಕಾಯಿದೆಯಲ್ಲಿಯೇ ಅವಕಾಶವಿದ್ದು, ಗಿಡದ ಕೃಷಿಯನ್ನು ನಿಯಂತ್ರಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಡಲಾಗಿದೆ. ಕೊರತೆ ಇರುವುದು ಕಾನೂನಿನಲ್ಲಲ್ಲ, ಅದನ್ನು ಬಳಸುವ ಮನಸ್ಸಿನಲ್ಲಿ.

ಭಯದಿಂದ ಬರೆದ ನಿಯಮಗಳು ಏನು ಮಾಡುತ್ತವೆ ಎಂಬುದಕ್ಕೆ ಮಾರ್ಫಿನ್ನಿನ ಕಥೆಯೇ ಸಾಕ್ಷಿ. ಪರವಾನಗಿಯ ಮೇಲೆ ಅಫೀಮು ಬೆಳೆಯುವ ದೇಶ ನಮ್ಮದು. ಆದರೂ ಇದೇ ಕಾಯಿದೆ ಬಂದ ಮೇಲೆ ರಾಜ್ಯಕ್ಕೊಂದು ನಿಯಮ, ಒಂದು ಔಷಧಕ್ಕೆ ಹಲವು ಪರವಾನಗಿಗಳೆಂದಾಗಿ, ಕ್ಯಾನ್ಸರ್ ರೋಗಿಗಳು ನೋವು ಶಮನಕ್ಕೆ ಮಾರ್ಫಿನ್ ಸಿಗದೆ ನರಳಿದರು. ಅದನ್ನು ಸರಿಪಡಿಸುವ ತಿದ್ದುಪಡಿ ಬಂದದ್ದು 2014ರಲ್ಲಿ. ಕಳ್ಳಸಾಗಣೆಗಾರನಿಗೆಂದು ಹಾಕಿದ ಬೇಲಿ ರೋಗಿಯ ದಾರಿಗೆ ಅಡ್ಡವಾಗಿ ಸುಮಾರು ಮೂವತ್ತು ವರ್ಷ ನಿಂತಿತ್ತು!

ಹಾಗೆಂದು ಅಂಗಡಿಯ ಬಾಗಿಲನ್ನು ಹಾರು ಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. ಈ ಗಿಡದಿಂದ ತೆಗೆದ, ಅಮಲೇರಿಸದ ಕ್ಯಾನಬಿಡಿಯಾಲ್ ಎಂಬ ಅಂಶವನ್ನು ಮಕ್ಕಳ ಎರಡು ಬಗೆಯ ತೀವ್ರ ಅಪಸ್ಮಾರಕ್ಕೆ ಔಷಧವೆಂದು ಅಮೆರಿಕ 2018ರಲ್ಲಿ ಒಪ್ಪಿತು. ಪ್ರಯೋಗಗಳಲ್ಲಿ ಪರೀಕ್ಷಿಸಿ, ಪ್ರಮಾಣ ಗೊತ್ತುಪಡಿಸಿದ ಬಳಿಕವೇ ಒಪ್ಪಿತು. ಇದನ್ನೇ ನೆಪವಾಗಿಟ್ಟುಕೊಂಡು ಸಕಲ ರೋಗಗಳಿಗೂ ಒಂದೇ ಎಣ್ಣೆಯನ್ನು ಮಾರುವವರನ್ನು ನಂಬಲಾಗದು.

ಆದ್ದರಿಂದ ಸರ್ಕಾರ ಮಾಡಬೇಕಾದದ್ದು ಇಷ್ಟು: ವೈದ್ಯರ ಚೀಟಿಯಿಲ್ಲದೆ ಮಾರಾಟವಿಲ್ಲ, ಪ್ರತಿ ತಯಾರಿಕೆಗೂ ಪ್ರಯೋಗಾಲಯದ ಪರೀಕ್ಷೆ, ಸೀಸೆಯ ಮೇಲೆ ಅಂಶಗಳ ಪ್ರಮಾಣ, ಒಂದೇ ಕಚೇರಿಯಿಂದ, ನಿಗದಿತ ದಿನಗಳೊಳಗೆ ಪರವಾನಗಿ. ಈ ಕೊನೆಯದಿಲ್ಲದಿದ್ದರೆ ಉಳಿದ ಮೂರೂ ಕಾಗದದ ಮೇಲಷ್ಟೇ ಉಳಿದಾವು.

ಪದೇ ಪದೇ ಸೆಳೆತಕ್ಕೊಳಗಾಗುವ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಯನ್ನು ಕಾಳಸಂತೆಗೆ ಕಳುಹಿಸುವ ನೀತಿ, ನೀತಿಯೆನಿಸಿಕೊಳ್ಳದು. ಭಿನ್ನಾಭಿಪ್ರಾಯವುಳ್ಳವರು, ವಿಶೇಷವಾಗಿ ವೈದ್ಯರಾಗಿರುವ ನನ್ನ ಶಿಷ್ಯರು, ಸಂಕೋಚವಿಲ್ಲದೆ ಬರೆಯಿರಿ.