ಸಂಜೆ ನಾಲ್ಕರ ನಂತರ ಯಾರು? ಈಶ್ವರಮಂಗಲದ ಗಡಿಯಿಂದ ಒಂದು ಲೆಕ್ಕ

ಪಾಣಾಜೆ, ಈಶ್ವರಮಂಗಲದ ಕಡೆಯ ಯಾವುದಾದರೂ ಮನೆಯ ಜಗುಲಿಯಲ್ಲಿ ಕೂತು ಮಾತಾಡಿ ನೋಡಿ. ಮೂವತ್ತೈದು ದಾಟಿದ ಮಗ ಒಳಗೆ ಮಲಗಿರುತ್ತಾನೆ, ಎಪ್ಪತ್ತರ ಹತ್ತಿರದ ಅಮ್ಮ ಬೀಡಿ ಕಟ್ಟುತ್ತಾ ಉತ್ತರ ಕೊಡುತ್ತಾಳೆ. ಮಾಸಾಶನ, ಔಷಧಿ, ಆಧಾರ್ ಎಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಒಂದೇ ಕಡೆ: ‘ನಾನು ಹೋದ ಮೇಲೆ ಇವನಿಗೆ ಯಾರುಂಟು?’

ಈ ಪ್ರಶ್ನೆಗೆ ನಮ್ಮ ಸರ್ಕಾರಗಳ ಬಳಿ ಇನ್ನೂ ಉತ್ತರ ಇಲ್ಲ.

ಹಿನ್ನೆಲೆ ಇಲ್ಲಿನವರಿಗೆ ಬಾಯಿಪಾಠ. ಗಡಿಯ ಆಚೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್, ಈಚೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮ. ಎರಡೂ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದವರೆಗೆ. ಗಡಿ ದಾಟಿದರೆ ಸಿಗುವ ಸ್ವರ್ಗ, ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ರೋಗಿಗಳನ್ನು ಕಂಡು ಎಚ್ಚರಿಸಿದರು, ಶ್ರೀ ಪಡ್ರೆ ಬರೆದರು. ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕುವ ಹೊತ್ತಿಗೆ 2011 ಬಂದಿತ್ತು. ಪತ್ರಿಕೆಗಳು ಆಗ ‘ಎಂಡೋ ಮಕ್ಕಳು’ ಎಂದು ಬರೆದವು. ಆ ಪದ ಇನ್ನೂ ಓಡಾಡುತ್ತಿದೆ. ಆದರೆ ಸಿಂಪಡಣೆಯ ಕಾಲದಲ್ಲಿ ಹುಟ್ಟಿದವರಿಗೆ ಈಗ ಇಪ್ಪತ್ತೈದರಿಂದ ನಲವತ್ತೈದು ವರ್ಷ. ಅವರು ಮಕ್ಕಳಲ್ಲ, ಎತ್ತಿ ಸ್ನಾನ ಮಾಡಿಸುವ ಅಮ್ಮನಿಗಿಂತ ತೂಕದ ಗಂಡಸರು, ತಿಂಗಳು ತಿಂಗಳೂ ಆರೈಕೆ ಬೇಕಾದ ಹೆಂಗಸರು.

ಕೊಕ್ಕಡ ಮತ್ತು ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಅವುಗಳ ಉಪಕಾರವನ್ನು ಸಣ್ಣದು ಎನ್ನಲಾರೆ. ಅಮ್ಮಂದಿರಿಗೆ ಹಗಲು ನಾಲ್ಕು ಗಂಟೆ ಉಸಿರಾಡಲು ಸಿಕ್ಕಿತು. ಆದರೆ ಹಗಲು ಕೇಂದ್ರ ಹೆಸರೇ ಹೇಳುವ ಹಾಗೆ ಹಗಲಿನದ್ದು. ಸಂಜೆ ವ್ಯಾನ್ ಮನೆ ಬಾಗಿಲಿಗೆ ಬಿಡುತ್ತದೆ, ಅಲ್ಲಿ ಬಾಗಿಲು ತೆರೆಯಲು ಒಬ್ಬರು ಬದುಕಿರಬೇಕು. ಈಶ್ವರಮಂಗಲದವರಿಗಂತೂ ಪುತ್ತೂರು ದಾಟಿ ಕೊಯಿಲಕ್ಕೆ ದಿನಾ ಹೋಗಿಬರುವುದು ಆಗುವ ಕೆಲಸವೂ ಅಲ್ಲ.

ಹಾಗಾದರೆ ಶಾಶ್ವತ ಪುನರ್ವಸತಿ ಕೇಂದ್ರ ಬೇಕು ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು. ನನ್ನ ತಕರಾರು ಅದರ ಆಕಾರದ ಬಗ್ಗೆ. ಸರ್ಕಾರಕ್ಕೆ ಪುನರ್ವಸತಿ ಎಂದ ಕೂಡಲೇ ಕಾಣುವುದು ಎಕರೆಗಟ್ಟಲೆ ಜಾಗ, ಉದ್ದದ ವಾರ್ಡು, ಶಂಕುಸ್ಥಾಪನೆಯ ಕಲ್ಲು. ಕಾಸರಗೋಡಿನ ಮುಳಿಯಾರಿನಲ್ಲಿ ಕೇರಳ ಸರ್ಕಾರದ ಪುನರ್ವಸತಿ ಗ್ರಾಮದ ಮಾತು ವರ್ಷಗಟ್ಟಲೆ ನಡೆದು, ಶಂಕುಸ್ಥಾಪನೆ ಆಗುವಾಗಲೇ 2020 ಆಗಿತ್ತು. ಅಷ್ಟರಲ್ಲಿ ಎಷ್ಟು ಅಮ್ಮಂದಿರು ಮುದುಕಿಯರಾದರು!

ಇನ್ನೊಂದು ದಾರಿ ಉಂಟು. ಊರಿನದ್ದೇ ಒಂದು ಸಾಧಾರಣ ಮನೆ, ನಾಲ್ಕೈದು ಜನ, ಜೊತೆಗಿರುವ ಆರೈಕೆಯವರು. ಚೆನ್ನೈಯ ‘ದಿ ಬನಿಯನ್’ ಸಂಸ್ಥೆ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಹೋಗಿದ್ದ ಮಾನಸಿಕ ಅಸ್ವಸ್ಥರಿಗಾಗಿ ‘ಹೋಮ್ ಅಗೇನ್’ ಹೆಸರಲ್ಲಿ ಇಂಥ ಬಾಡಿಗೆ ಮನೆಗಳನ್ನು ನಡೆಸುತ್ತಿದೆ. ಅವರ ಅಗತ್ಯ ಬೇರೆ, ನಮ್ಮವರದ್ದು ಬೇರೆ, ಒಪ್ಪಿದೆ. ಆದರೆ ಬೀದಿಯ ನಡುವಿನ ಮನೆಯೇ ಸಾಕು, ಕಾಂಪೌಂಡು ಬೇಡ ಎಂಬುದು ಅಲ್ಲಿ ಗೊತ್ತಾಗಿದೆ. ತುಳು ಬಿಟ್ಟರೆ ಬೇರೆ ಮಾತು ತಿಳಿಯದವನನ್ನು, ಕುಚ್ಚಲಕ್ಕಿ ಗಂಜಿ ಬಿಟ್ಟರೆ ಬೇರೆ ಒಗ್ಗದವನನ್ನು ನೂರು ಮೈಲಿ ಆಚೆ ಹಾಕಿದರೆ ಅದು ಆರೈಕೆ ಹೇಗಾದೀತು?

ಕಾನೂನು ಅಡ್ಡ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದ ನಡುವೆ ಬದುಕುವ ಹಕ್ಕನ್ನು ಹೇಳುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ವಯಸ್ಕರಿಗೆ ಜೀವನಪೂರ್ತಿ ವಸತಿಯ ‘ಘರೌಂದಾ’ ಯೋಜನೆಯೇ ಇದೆ. ಅಡ್ಡ ಇರುವುದು ದುಡ್ಡು, ಅದರಲ್ಲೂ ರಾತ್ರಿಯ ದುಡ್ಡು.

ಲೆಕ್ಕ ಹಾಕೋಣ. ಐದು ಜನರ ಮನೆ. ಇಪ್ಪತ್ತನಾಲ್ಕು ಗಂಟೆಗೆ ಮೂರು ಪಾಳಿ, ವಾರದ ರಜೆಗೆ ಬದಲಿ ಸೇರಿ ನಾಲ್ವರು. ತಲೆಗೆ 15 ಸಾವಿರ ಕೊಟ್ಟರೂ 60 ಸಾವಿರ. ಬಾಡಿಗೆ, ಊಟ, ಔಷಧಿ, ಡಯಾಪರ್ ಸೇರಿಸಿದರೆ ತಿಂಗಳಿಗೆ ಲಕ್ಷದ ಹತ್ತಿರ. ಮಾಸಾಶನ ತಲೆಗೆ ಐದು ಸಾವಿರ ಎಂದು ಧಾರಾಳವಾಗಿ ಹಿಡಿದರೂ 25 ಸಾವಿರ. ಉಳಿದ 75 ಸಾವಿರವನ್ನು ಇವತ್ತು ಯಾರು ಕೊಡುತ್ತಿದ್ದಾರೆ? ಸಂಬಳವಿಲ್ಲದೆ ದುಡಿಯುವ ಅಮ್ಮ, ಮದುವೆಯಾಗದೆ ಉಳಿದ ಅಕ್ಕ. ಸರ್ಕಾರ ಉಳಿಸಿದೆ ಎಂದುಕೊಂಡ ಹಣ ಅವರ ಸೊಂಟದಿಂದ ಬಂದದ್ದು.

ಸಣ್ಣ ಮನೆಗೂ ಅಪಾಯ ಉಂಟು, ಮುಚ್ಚಿಡಬೇಡಿ. ಮುಚ್ಚಿದ ಬಾಗಿಲ ಹಿಂದೆ ಮಾತು ಬಾರದವರ ಮೇಲೆ ಏನು ನಡೆದರೂ ಹೊರಗೆ ಗೊತ್ತಾಗದು. ಆದ್ದರಿಂದಲೇ ಮನೆ ಊರೊಳಗೆ ಇರಬೇಕು, ಆಶಾ ಕಾರ್ಯಕರ್ತೆ ಹೇಳದೆ ಕೇಳದೆ ಒಳಗೆ ಬರುವಂತಿರಬೇಕು, ನೆಂಟರಿಗೆ ಯಾವ ಹೊತ್ತಿಗೂ ಬಾಗಿಲು ತೆರೆದಿರಬೇಕು. ಇನ್ನೊಂದು ಮಾತು: ಎಂಡೋ ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಮಾತ್ರ ಅಂತ ಮಾಡಬೇಡಿ. ಯಾರ ಕಾಯಿಲೆಗೆ ವಿಷ ಕಾರಣ, ಯಾರದ್ದಕ್ಕೆ ಅಲ್ಲ ಎಂಬ ವಾದ ಪರಿಹಾರದ ಮೊತ್ತಕ್ಕೆ ಬೇಕಾದೀತು. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಲು ಜನ ಬೇಕಾದವನಿಗೆ ಆ ವಾದ ಯಾಕೆ?

ಶುರು ಮಾಡಬೇಕಾದದ್ದು ಅಮ್ಮ ಬದುಕಿರುವಾಗ. ಅವಳು ತೀರಿಕೊಂಡ ಹದಿಮೂರನೇ ದಿನ ಅಪರಿಚಿತ ಮನೆಗೆ ಸಾಗಿಸುವುದಲ್ಲ. ನೆಟ್ಟಣಿಗೆ ಮುಡ್ನೂರು ಪಂಚಾಯತ್ ವ್ಯಾಪ್ತಿಯಲ್ಲಿ ಮಕ್ಕಳೆಲ್ಲ ಬೆಂಗಳೂರು, ದುಬೈ ಸೇರಿ ಬೀಗ ಬಿದ್ದ ಒಂದು ಮನೆ ಹುಡುಕಲು ಕಷ್ಟವಿಲ್ಲ. ಮೊದಲ ತಿಂಗಳು ವಾರಕ್ಕೆ ಎರಡು ರಾತ್ರಿ ಅವನು ಅಲ್ಲಿ ಮಲಗಲಿ, ಅಮ್ಮ ಬೇಕಾದರೆ ಪಕ್ಕದ ಕೋಣೆಯಲ್ಲಿರಲಿ. ಅವನಿಗೆ ಯಾವ ಮಗ್ಗುಲು, ಗಂಜಿಗೆ ಎಷ್ಟು ಉಪ್ಪು, ಯಾವ ಸದ್ದಿಗೆ ಹೆದರುತ್ತಾನೆ ಎಂಬುದು ಯಾವ ಫೈಲಿನಲ್ಲೂ ಇಲ್ಲ. ಅವಳೇ ಹೇಳಿಕೊಡಬೇಕು.