ಹಗ್ಗದ ಭರವಸೆ ಎಷ್ಟು ದೂರ?

ಸಕಲೇಶಪುರದಲ್ಲಿ ಕಾರು ಕೆಟ್ಟು ನಿಂತಿತೆನ್ನೋಣ. ಮಂಗಳೂರಿಗೆ ಸುಮಾರು 130 ಕಿಲೋಮೀಟರು. ಬೇರೊಂದು ವಾಹನಕ್ಕೆ ಹಗ್ಗ ಕಟ್ಟಿ ಎಳೆಸಿದರೆ ಖರ್ಚು ಕಡಿಮೆಯೆಂಬುದು ದಿಟ. ಆದರೆ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಹಗ್ಗವು ಎಳೆಯಬಲ್ಲದೇ ಹೊರತು ತಡೆಯಲಾರದು. ಎಂಜಿನ್ ನಿಂತ ಕಾರಿನ ಬ್ರೇಕೂ ಸ್ಟಿಯರಿಂಗೂ ಬಿಗಿಯಾಗಿ, ಸುಲಭವಾಗಿ ಮಾತು ಕೇಳವು. ಹಲವು ಆಟೋಮ್ಯಾಟಿಕ್ ಕಾರುಗಳಲ್ಲಂತೂ ಎಂಜಿನ್ ತಿರುಗದೆ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಯದು. ಚಕ್ರ ಉರುಳಿದಷ್ಟೂ ಸವೆತ.

ಆದುದರಿಂದ ಹಗ್ಗವು ಹತ್ತಿರದ ಗ್ಯಾರೇಜಿನವರೆಗೆ ಮಾತ್ರ. ದೂರದ ದಾರಿಗೆ ಕಾರನ್ನು ಫ್ಲಾಟ್‌ಬೆಡ್ ಲಾರಿಯ ಮೇಲೇರಿಸಿ, ನಾಲ್ಕೂ ಚಕ್ರಗಳನ್ನು ಪಟ್ಟಿಯಿಂದ ಬಿಗಿದು ಸಾಗಿಸುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ. ಬಾಡಿಗೆ ದುಬಾರಿಯೆನ್ನುವವರು, ಎಳೆಸಿಕೊಳ್ಳುವ ಕಾರಿನಲ್ಲಿ ಕೂರುವವನಾರೆಂದು ಯೋಚಿಸಲಿ. ಅನೇಕ ವೇಳೆ ಅವನು ಒಡೆಯನಲ್ಲ, ಸಂಬಳದ ಡ್ರೈವರು.